ಕ್ರೊಯೇಷಿಯಾದ ವೈನ್ ಪ್ರವಾಸ: ದ್ರಾಕ್ಷಿ ಬೆಳೆಗಾರನೊಬ್ಬನ ಅಭಿಪ್ರಾಯ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಕ್ರೊಯೇಷಿಯಾ ದೇಶದ ಬಗ್ಗೆ ಬಂದ ಲೇಖನವನ್ನೂ, ಅದರಲ್ಲಿ ಹಳ್ಳಿಗಾಡಿನ ವೈನ್ ರುಚಿ ನೋಡುವ ಒಂದು ದಿನದ ಪ್ರವಾಸವನ್ನು ಹೊಗಳಿದ್ದಕ್ಕೆ ಓದುಗರೊಬ್ಬರು ಪತ್ರಗಳ ಅಂಕಣದಲ್ಲಿ ಎತ್ತಿದ ಆಕ್ಷೇಪವನ್ನೂ ಓದಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆ ಕುಡಿತಕ್ಕೆ ದಾರಿ ತೋರಬಾರದೆಂಬ ಅವರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಡಿತದಿಂದ ಹೊಲ ಮಾರಿಕೊಂಡ ಕುಟುಂಬಗಳು ನಮ್ಮ ಊರಿನಲ್ಲಿಯೂ ಇವೆ. ಆದರೆ ಲೇಖನವೂ ಆಕ್ಷೇಪವೂ ಒಂದೇ ಕಡೆ ನೋಟ ನೆಟ್ಟಿವೆ ಎಂದು ನನಗೆ ತೋರುತ್ತದೆ. ಲೇಖಕರು ಗ್ಲಾಸಿನಲ್ಲಿದ್ದುದನ್ನು ಮೆಚ್ಚಿದರು, ಆಕ್ಷೇಪಿಸಿದವರು ಅದನ್ನೇ ದೂರಿದರು. ಆ ಗ್ಲಾಸು ಬಂದ ಹೊಲದ ಮಾತನ್ನು ಇಬ್ಬರೂ ಎತ್ತಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡಿ ಬದುಕುವ ನನಗೆ, ಮಗಳು ಮತ್ತು ಅಳಿಯ ಯುರೋಪಿನಲ್ಲಿ ನೆಲೆಸಿರುವ ಕಾರಣದಿಂದ, ಅಂಥದೊಂದು ಪ್ರವಾಸಕ್ಕೆ ಹೋಗುವ ಅವಕಾಶ ಒದಗಿತ್ತು. ಅದು ಕುಡಿಯುವವರಿಗಿಂತ ಹೆಚ್ಚಾಗಿ ಬೆಳೆಯುವವರು ನೋಡಬೇಕಾದ ಪ್ರವಾಸ ಎಂಬ ನನ್ನ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಲು ಈ ಪತ್ರ.

ನಾವು ಹೋದದ್ದು ಪೆಲ್ಯೆಶಾಟ್ಸ್ ಎಂಬ ಪರ್ಯಾಯ ದ್ವೀಪಕ್ಕೆ. ಕೋಟೆ ನಗರವೆಂದು ಎಲ್ಲರೂ ಬಲ್ಲ ಡುಬ್ರೊವ್ನಿಕ್‌ನಿಂದ ಕಡಲ ದಂಡೆ ಹಿಡಿದು ವಾಯವ್ಯಕ್ಕೆ ಸುಮಾರು ಒಂದು ಗಂಟೆ ಸಾಗಿದರೆ ಅದರ ಬಾಗಿಲಿನಂತಿರುವ ಸ್ಟೋನ್ ಊರು ಸಿಗುತ್ತದೆ. ಅಲ್ಲಿಂದ ಮುಂದೆ ಏಡ್ರಿಯಾಟಿಕ್ ಸಮುದ್ರದೊಳಗೆ ಸುಮಾರು 65 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ ಈ ನೆಲ ಬಹುಪಾಲು ಬೆಟ್ಟ, ಬಿಳಿ ಸುಣ್ಣಕಲ್ಲು ಮತ್ತು ಕುರುಚಲು ಕಾಡು. ಸ್ಟೋನ್‌ನಲ್ಲಿ ಬೆಟ್ಟ ಹತ್ತಿ ಇಳಿಯುವ ಕಲ್ಲಿನ ಗೋಡೆಯೊಂದಿದೆ; ಹಳೆಯ ಡುಬ್ರೊವ್ನಿಕ್ ಗಣರಾಜ್ಯ 14ನೇ ಶತಮಾನದಲ್ಲಿ ಅದನ್ನು ಕಟ್ಟತೊಡಗಿದ್ದು ಚಿನ್ನ ಬೆಳ್ಳಿಯ ಗಣಿಗಾಗಿ ಅಲ್ಲ, ಉಪ್ಪಿನ ಗದ್ದೆಗಳ ಕಾವಲಿಗಾಗಿ. ಐದೂವರೆ ಕಿಲೋಮೀಟರಿನಷ್ಟು ಗೋಡೆ ಇಂದಿಗೂ ನಿಂತಿದೆ, ಗದ್ದೆಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಪಕ್ಕದ ಮಾಲಿ ಸ್ಟೋನ್ ಕೊಲ್ಲಿಯಲ್ಲಿ ಸಿಂಪಿ ಸಾಕಣೆ ನಡೆಯುತ್ತದೆ. ದಿನದ ಪ್ರವಾಸಗಳೆಲ್ಲ ಇಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತವೆ. ಸಸ್ಯಾಹಾರಿಯಾದ ನಾನು ಸಿಂಪಿಯ ಗೊಡವೆಗೆ ಹೋಗದೆ ಉಪ್ಪಿನ ಗದ್ದೆ ನೋಡಿ ಬಂದೆ.

ನಿಜವಾದ ವಿಷಯ ಇರುವುದು ಅಲ್ಲಿಂದ ಮುಂದೆ, ಪೋತೊಮ್ಯೆ ಎಂಬ ಹಳ್ಳಿಯ ಆಚೆಗೆ. ಊರು ಬೆಟ್ಟದ ಒಳಮಗ್ಗುಲಿನಲ್ಲಿದೆ. ಅದರ ಅತಿ ಬೆಲೆಬಾಳುವ ದ್ರಾಕ್ಷಿ ಇರುವುದು ಬೆಟ್ಟದ ಹೊರಮಗ್ಗುಲಿನಲ್ಲಿ, ದಕ್ಷಿಣಕ್ಕೆ ಮುಖಮಾಡಿ ಕಡಲಿಗೆ ಇಳಿಯುವ ಕಡಿದಾದ ಇಳಿಜಾರಿನಲ್ಲಿ. ಈ ಇಳಿಜಾರಿನ ಹೆಸರು ಡಿಂಗಾಚ್. ಒಂದು ಕಾಲದಲ್ಲಿ ಸುಗ್ಗಿಯ ಹಣ್ಣನ್ನು ಕತ್ತೆಗಳ ಮೇಲೆ ಹೇರಿ ಬೆಟ್ಟ ದಾಟಿಸಬೇಕಿತ್ತು. 1970ರ ದಶಕದಲ್ಲಿ ಬೆಳೆಗಾರರು ಸ್ವತಃ ಮುಂದೆ ನಿಂತು ಬೆಟ್ಟದೊಳಗೆ ಸುಮಾರು 400 ಮೀಟರ್ ಸುರಂಗ ಕೊರೆಸಿಕೊಂಡರು. ಒಂದು ವಾಹನವಷ್ಟೇ ಹಿಡಿಸುವ ಆ ಕತ್ತಲ ಸುರಂಗವನ್ನು ದಾಟಿದ ಕೂಡಲೇ ಕಣ್ಣ ಮುಂದೆ ಬಿಸಿಲು, ಕಡಲು, ಮತ್ತು ಕಾಲಿಟ್ಟರೆ ಜಾರುವಂಥ ಬಿಳಿ ಕಲ್ಲಿನ ನಡುವೆ ಮೊಳಕಾಲೆತ್ತರದ ಬಳ್ಳಿಗಳು. ಈ ಬಳ್ಳಿಗಳಿಗೆ ಮೂರು ಸೂರ್ಯರು ಎಂದು ಅಲ್ಲಿನವರು ಹೇಳುತ್ತಾರೆ: ಆಕಾಶದ್ದೊಂದು, ಕಡಲಿನಿಂದ ಪ್ರತಿಫಲಿಸುವುದೊಂದು, ಕಲ್ಲಿನಿಂದ ಚಿಮ್ಮುವುದೊಂದು. ಮೇ ತಿಂಗಳ ತಿಕೋಟಾ ಕಂಡ ನನಗೆ ಅದರಲ್ಲಿ ಅತಿಶಯೋಕ್ತಿ ಕಾಣಲಿಲ್ಲ.

ಇಲ್ಲಿ ಚಪ್ಪರವಿಲ್ಲ, ತಂತಿಯಿಲ್ಲ, ಹನಿ ನೀರಾವರಿಯ ಪೈಪು ಇಲ್ಲ. ಒಂದೊಂದು ಬಳ್ಳಿಯೂ ತನ್ನ ಕಾಲ ಮೇಲೆ ತಾನೇ ನಿಂತ ಗಿಡ್ಡ ಪೊದೆ. ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ತೋಟ ಉಳಿಸಿಕೊಂಡ ನಮಗೆ ಇದು ನಂಬಲಾಗದ ಕೃಷಿ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುವುದರಿಂದ ಅಲ್ಲಿ ವರ್ಷಕ್ಕೊಂದೇ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ; ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲವಾದ್ದರಿಂದ ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಇನ್ನೊಂದು. ಇಳುವರಿಯ ಮಾತು ಬಂದಾಗ, ಎಕರೆಗೆ ಟನ್‌ಗಟ್ಟಲೆ ಲೆಕ್ಕ ಹಾಕುವ ನನ್ನ ಪ್ರಶ್ನೆಗೆ ನಾವು ಹೋಗಿದ್ದ ಬೆಳೆಗಾರರ ಮನೆಯ ಹಿರಿಯರು ನಕ್ಕರು. ಒಂದು ಬಳ್ಳಿಯಿಂದ ಅವರ ಕೈಗೆ ಸಿಗುವ ಹಣ್ಣು ತೀರಾ ಕಡಿಮೆ. ಆದರೆ ಅದೇ ಕಾರಣಕ್ಕೆ ಅದರ ಸಕ್ಕರೆ, ಬಣ್ಣ, ಒಗರು ಎಲ್ಲವೂ ಗಟ್ಟಿ. ಗೊಂಚಲಿನ ಕೆಲವು ಕಾಳುಗಳು ಬಳ್ಳಿಯ ಮೇಲೆಯೇ ಸುಕ್ಕುಗಟ್ಟಿ ಅರ್ಧ ಮಣೂಕ ಆಗಿದ್ದವು. ನಾವಾದರೆ ಅದನ್ನು ನಷ್ಟ ಎನ್ನುತ್ತಿದ್ದೆವು. ಅಲ್ಲಿ ಅದೇ ಗುಣ. ಈ ಇಳಿಜಾರಿನ ವೈನಿಗೆ 1961ರಲ್ಲಿಯೇ ಕಾನೂನಿನ ರಕ್ಷಣೆ ದೊರೆತು, ಇದೇ ನೆಲದ ಹಣ್ಣಿನಿಂದ ಮಾಡದ ಯಾವುದಕ್ಕೂ ಡಿಂಗಾಚ್ ಎಂಬ ಹೆಸರು ಹಚ್ಚುವಂತಿಲ್ಲ ಎಂದಾಯಿತು. ಆ ದೇಶದಲ್ಲಿ ಹಾಗೆ ರಕ್ಷಣೆ ಪಡೆದ ಮೊದಲ ವೈನ್ ಅದೇ. ಪಕ್ಕದ ಪೋಸ್ಟುಪ್ ಇಳಿಜಾರಿಗೆ 1967ರಲ್ಲಿ ಅದೇ ಮನ್ನಣೆ ಸಿಕ್ಕಿತು.

ಆ ದ್ರಾಕ್ಷಿಯ ಹೆಸರು ಪ್ಲಾವಾಟ್ಸ್ ಮಾಲಿ. ಅದರ ವಂಶಾವಳಿಯ ಕಥೆ ಯಾವ ಬೆಳೆಗಾರನಿಗಾದರೂ ರುಚಿಸುವಂಥದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಿನ್‌ಫ್ಯಾಂಡೆಲ್ ಎಂಬ ಹೆಸರುವಾಸಿ ಕಪ್ಪು ದ್ರಾಕ್ಷಿ ಇದೆ. ಅದು ಎಲ್ಲಿಂದ ಬಂತೆಂದು ಬಹುಕಾಲ ಯಾರಿಗೂ ಖಚಿತವಿರಲಿಲ್ಲ. ಕ್ರೊಯೇಷಿಯಾದಲ್ಲಿ ಹುಟ್ಟಿ 1950ರ ದಶಕದಲ್ಲಿ ದೇಶ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದ ಮೈಕ್ ಗರ್ಗಿಚ್ ಅವರು, ಅದು ತಮ್ಮ ಊರ ಕಡೆಯ ಪ್ಲಾವಾಟ್ಸ್ ಮಾಲಿಯೇ ಇರಬೇಕೆಂದು ಹೇಳುತ್ತ ಬಂದಿದ್ದರು. 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ಫ್ರಾನ್ಸಿನ ವೈನುಗಳನ್ನು ಹಿಂದಿಕ್ಕಿದ ಬಿಳಿ ವೈನನ್ನು ತಯಾರಿಸಿದವರು ಇವರೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಅವರೂ ಝಾಗ್ರೆಬ್ ವಿಶ್ವವಿದ್ಯಾಲಯದ ಇವಾನ್ ಪೆಯಿಚ್ ಮತ್ತು ಎಡಿ ಮಾಲೆಟಿಚ್ ಅವರೂ ಕೂಡಿ ಡಿಎನ್‌ಎ ಪರೀಕ್ಷೆ ನಡೆಸಿದಾಗ ತಿಳಿದದ್ದು ಸ್ವಲ್ಪ ಬೇರೆ: ಜಿನ್‌ಫ್ಯಾಂಡೆಲ್ ಎಂಬುದು ಸ್ಪ್ಲಿಟ್ ನಗರದ ಬಳಿಯ ಕಾಶ್ಟೆಲಾದಲ್ಲಿ 2001ರಲ್ಲಿ ಪತ್ತೆಯಾದ, ಆಗ ಬೆರಳೆಣಿಕೆಯ ಬಳ್ಳಿಗಳಷ್ಟೇ ಉಳಿದಿದ್ದ ಟ್ಸರ್ಲ್ಯೆನಾಕ್ ಎಂಬ ಹಳೆಯ ತಳಿ, ಪ್ಲಾವಾಟ್ಸ್ ಮಾಲಿ ಅದಕ್ಕೂ ದೋಬ್ರಿಚಿಚ್ ಎಂಬ ಇನ್ನೊಂದು ತಳಿಗೂ ಹುಟ್ಟಿದ ಮಗು. ಗರ್ಗಿಚ್ ಹೇಳಿದ್ದು ಪೂರ್ತಿ ನಿಜವಾಗದಿದ್ದರೂ ಸಂಬಂಧವನ್ನು ಸರಿಯಾಗಿಯೇ ಗುರುತಿಸಿದ್ದರು. ಅವರು 1996ರಲ್ಲಿ ಇದೇ ಪೆಲ್ಯೆಶಾಟ್ಸ್‌ನ ತ್ರ್‌ಸ್ಟೆನಿಕ್ ಊರಿಗೆ ಮರಳಿ ವೈನ್ ಮನೆ ತೆರೆದರು. 2023ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು.

ತಳಿ ಅಷ್ಟೊಂದು ಅಳಿಯಲು ಕಾರಣಗಳಿವೆ. 1891ರಲ್ಲಿ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯ ಇಟಲಿಯೊಂದಿಗೆ ಮಾಡಿಕೊಂಡ ವ್ಯಾಪಾರ ಒಪ್ಪಂದದಿಂದ ಅಗ್ಗದ ಇಟಲಿ ವೈನ್ ಒಳನುಗ್ಗಿ ದಾಲ್ಮೇಷಿಯಾದ, ಅಂದರೆ ಈ ಕಡಲ ದಂಡೆಯ ಸೀಮೆಯ, ಬೆಳೆಗಾರರ ಮಾರುಕಟ್ಟೆ ಕುಸಿಯಿತು. ಅದರ ಬೆನ್ನಿಗೇ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಂದು ಬಳ್ಳಿಗಳನ್ನೇ ನುಂಗಿತು. ಊರಿಗೆ ಊರೇ ಹಡಗು ಹತ್ತಿ ಅಮೆರಿಕ, ಚಿಲಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಗೆ ಗುಳೆ ಹೋಯಿತು. ಉಳಿದವರು ಅಮೆರಿಕದ ಬೇರಿಗೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿ ಮತ್ತೆ ಬೆಳೆದರು. ನಾವೂ ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರಿನ ಮೇಲೆಯೇ ಥಾಮ್ಸನ್ ತಳಿಯ ದ್ರಾಕ್ಷಿಯನ್ನು ಕಸಿ ಕಟ್ಟುತ್ತೇವೆ; ನಮಗೆ ಅದು ಬೇಕಾದದ್ದು ಕೀಟಕ್ಕಾಗಿ ಅಲ್ಲ, ಸವಳು ನೆಲ ಮತ್ತು ನೀರಿನ ಅಭಾವವನ್ನು ತಡೆಯಲಿಕ್ಕೆ. ಈ ಮಾತನ್ನು ಮಗಳ ಮೂಲಕ ಹೇಳಿಸಿದಾಗ ಆ ಹಿರಿಯರು ನಮ್ಮನ್ನು ಗಿರಾಕಿಗಳ ಸಾಲಿನಿಂದ ಎಬ್ಬಿಸಿ ತಮ್ಮ ನೆಲಮನೆಗೆ ಕರೆದುಕೊಂಡು ಹೋದರು.

ಇನ್ನು ಊಟ. ವೈನ್ ರುಚಿ ನೋಡುವುದು ಎಂದು ಕರೆದರೂ ದಿನದ ಹೆಚ್ಚಿನ ಸಮಯ ಹೋಗುವುದು ಊಟದ ಮೇಜಿನ ಮುಂದೆಯೇ. ಮೊದಲು ಗಿಡಮೂಲಿಕೆ ಹಾಕಿದ ರಾಕಿಯಾ ಎಂಬ ಖಡಕ್ ಮದ್ಯದ ಪುಟ್ಟ ಗುಟುಕು, ಅದರ ಜೊತೆಗೆ ಒಣ ಅಂಜೂರ, ಸಕ್ಕರೆಯಲ್ಲಿ ಹುರಿದ ಬಾದಾಮಿ, ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ. ರಾಕಿಯಾ ನಾನು ಮುಟ್ಟಲಿಲ್ಲ, ಉಳಿದುದನ್ನು ಬಿಡಲಿಲ್ಲ. ಆಮೇಲೆ ಆಲಿವ್ ಎಣ್ಣೆಯಲ್ಲಿ ಅದ್ದಿಟ್ಟ ಗಿಣ್ಣು (ಚೀಸ್), ಬ್ರೆಡ್ಡು, ಉಪ್ಪಿನ ನೀರಿನ ಆಲಿವ್, ಮಾಂಸಾಹಾರಿಗಳಿಗೆ ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಹಂದಿ ತೊಡೆಯ ತೆಳು ಹಾಳೆಗಳು. ಆದರೆ ಎಲ್ಲರೂ ಕಾಯುವುದು ಪೇಕಾಕ್ಕೆ. ಪೇಕಾ ಎಂಬುದು ಗಂಟೆಯಾಕಾರದ ದೊಡ್ಡ ಕಬ್ಬಿಣದ ಮುಚ್ಚಳ. ಆಲೂಗಡ್ಡೆ, ಗಜ್ಜರಿ, ಈರುಳ್ಳಿಯೊಂದಿಗೆ ಕುರಿಮರಿಯ ಮಾಂಸ ಅಥವಾ ಅಷ್ಟಪದಿಯನ್ನು ಅಗಲವಾದ ಪಾತ್ರೆಯಲ್ಲಿಟ್ಟು, ಒಲೆಯ ಮೇಲೆ ಈ ಮುಚ್ಚಳ ಕವಿದು, ಮುಚ್ಚಳದ ಮೇಲೂ ಸುತ್ತಲೂ ಕೆಂಡ ಹರಡಿ ಒಂದೂವರೆ ಎರಡು ಗಂಟೆ ಹಾಗೆಯೇ ಬಿಡುತ್ತಾರೆ; ನಡುವೆ ಒಮ್ಮೆ ತೆಗೆದು ವೈನ್ ಚಿಮುಕಿಸಿ ಮಗುಚುತ್ತಾರೆ. ಬೆಂಕಿಯನ್ನು ನೋಡಿಕೊಳ್ಳುತ್ತಿದ್ದದ್ದು ಮನೆಯ ಯಜಮಾನಿ. ಅವರು ನಮ್ಮಿಬ್ಬರಿಗಾಗಿ ಬರಿಯ ತರಕಾರಿಯ ಸಣ್ಣ ಪೇಕಾವನ್ನು ಬೇರೆಯೇ ಇಟ್ಟಿದ್ದರು. ತಳ ಹಿಡಿದು ಕೆಂಪಾದ ಆ ಆಲೂಗಡ್ಡೆಯ ರುಚಿಯನ್ನು ನನ್ನ ಹೆಂಡತಿ ಈಗಲೂ ನೆನೆಯುತ್ತಾಳೆ.

ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆಯ ಕಾಳು, ತಿನ್ನಬೇಕಾದರೆ ಹೊಲಕ್ಕೇ ಹೋಗಬೇಕು, ಬೆಳೆದವರ ಕೈಯಿಂದಲೇ ಬಿಸಿ ಬಿಸಿ ಉಜ್ಜಿಸಿಕೊಂಡು ತಿನ್ನಬೇಕು, ಪಟ್ಟಣದ ಹೋಟೆಲಿಗೆ ಅದನ್ನು ಒಯ್ದರೆ ಬರಿಯ ಜೋಳ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಪೇಕಾ ಕೂಡ ಆ ಜಾತಿಯದು. ಡುಬ್ರೊವ್ನಿಕ್ ಕೋಟೆಯೊಳಗಿನ ಒಂದು ಉಪಾಹಾರ ಗೃಹದಲ್ಲಿ ಅದೇ ಹೆಸರಿನಲ್ಲಿ ಓವನ್ನಿನೊಳಗೆ ಬೇಯಿಸಿದ ತಿನಿಸನ್ನು ಬಡಿಸುವುದನ್ನು ನೋಡಿದೆ. ಬೆಲೆ ದುಪ್ಪಟ್ಟು, ಕೆಂಡದ ಸುಳಿವಿಲ್ಲ.

ಸಸ್ಯಾಹಾರಿಗಳು ಅಲ್ಲಿ ಹಸಿದು ಬರಬೇಕಾಗುತ್ತದೆ ಎಂದು ಲೇಖನದಲ್ಲಿದ್ದ ಮಾತನ್ನು ಇಲ್ಲಿ ತಿದ್ದಬಯಸುತ್ತೇನೆ. ಬ್ಲಿತ್ವಾ ಎಂಬ ಸೊಪ್ಪನ್ನು ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯೊಂದಿಗೆ ಬೇಯಿಸಿದ ಪಲ್ಯ ಎಲ್ಲ ಮನೆಗಳಲ್ಲಿಯೂ ಸಿಗುತ್ತದೆ. ಸ್ಪ್ಲಿಟ್ ನಗರದ ಕಡೆಗೆ ಹೋದರೆ ಪೋಲ್ಯಿತ್ಸಾ ಪ್ರದೇಶದ ಸೊಪಾರ್ನಿಕ್ ಉಂಟು: ಎರಡು ತೆಳು ಹಿಟ್ಟಿನ ಹಾಳೆಗಳ ನಡುವೆ ಅದೇ ಸೊಪ್ಪನ್ನು ತುಂಬಿ, ಒಲೆಯ ನೆಲದ ಮೇಲಿಟ್ಟು ಬೂದಿ ಕೆಂಡದಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ ಎಣ್ಣೆ ಸವರಿದ ಅಗಲ ರೊಟ್ಟಿ. ಅದಕ್ಕೆ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ಇದೆ. ಪಾಗ್ ದ್ವೀಪದ ಕುರಿಹಾಲಿನ ಗಿಣ್ಣು ಬಹಳ ಹೆಸರಾದದ್ದು. ಆದರೆ ಗಿಣ್ಣು ಹೆಪ್ಪಾಗಿಸಲು ಪ್ರಾಣಿಜನ್ಯ ವಸ್ತು ಬಳಸುವುದುಂಟಾದ್ದರಿಂದ ಕಟ್ಟುನಿಟ್ಟಿನವರು ಕೇಳಿ ತಿನ್ನುವುದು ಲೇಸು. ಸಿಹಿಗೆ ಬಂದ ರೊಜಾಟಾದಲ್ಲಿಯೂ ಸ್ಟೋನ್‌ನ ಪಾಸ್ತಾ ತುಂಬಿದ ಕೇಕಿನಲ್ಲಿಯೂ ಮೊಟ್ಟೆ ಇರುತ್ತದೆ.

ಊಟದ ಕೊನೆಗೆ ಪ್ರೋಶೆಕ್ ಎಂಬ ಸಿಹಿ ವೈನನ್ನು ಬೆರಳುದ್ದದ ಗ್ಲಾಸಿನಲ್ಲಿ ಕೊಟ್ಟರು. ಈ ಪ್ರವಾಸದಲ್ಲಿ ನನ್ನನ್ನು ಅತ್ಯಂತ ಯೋಚನೆಗೆ ಹಚ್ಚಿದ್ದು ಇದೇ. ಹಣ್ಣನ್ನು ಕೊಯ್ದು ಚಾಪೆ ಅಥವಾ ಜಾಲರಿಯ ಮೇಲೆ ಹರಡಿ, ಅರ್ಧ ಒಣಗಿದ ಮೇಲೆ ಹಿಂಡಿ, ಉಳಿದ ಗಟ್ಟಿ ರಸವನ್ನು ಹುದುಗಿಸುತ್ತಾರೆ. ಸಾಮಾನ್ಯ ವೈನಿಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹಣ್ಣು ಇದಕ್ಕೆ ಬೇಕು. ಮಗು ಹುಟ್ಟಿದಾಗ ಒಂದು ಬಾಟಲಿ ತೆಗೆದಿಟ್ಟು ಮದುವೆಯ ದಿನ ಬಿಚ್ಚುವ ಪದ್ಧತಿ ಇತ್ತಂತೆ. ಈ ಹೆಸರಿಗೆ ಐರೋಪ್ಯ ಒಕ್ಕೂಟದ ಮನ್ನಣೆ ಕೇಳಿ ಕ್ರೊಯೇಷಿಯಾ ಸಲ್ಲಿಸಿದ್ದ ಅರ್ಜಿ 2021ರಲ್ಲಿ ಪ್ರಕಟವಾದಾಗ, ತನ್ನ ಪ್ರೊಸೆಕೊ ವೈನಿನ ಹೆಸರಿಗೆ ಇದು ಹತ್ತಿರವಾಗಿದೆ ಎಂದು ಇಟಲಿ ತಕರಾರು ತೆಗೆಯಿತು. ಒಂದು ನೊರೆಯುಕ್ಕುವ ತೆಳು ವೈನ್, ಇನ್ನೊಂದು ಒಣದ್ರಾಕ್ಷಿಯ ಗಟ್ಟಿ ವೈನ್, ಒಂದನ್ನು ಇನ್ನೊಂದೆಂದು ತಿಳಿಯುವವರು ಯಾರೋ ನನಗೆ ತಿಳಿಯದು. ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಲರಿಗಳ ಮೇಲೆ ಹದಿನೈದು ದಿನ ಒಣಗಿಸಿ, ಬಣ್ಣ ಹೋದೀತೆಂದು ನಿದ್ದೆಗೆಟ್ಟು, ಕೊನೆಗೆ ಮಹಾರಾಷ್ಟ್ರದ ತಾಸಗಾಂವಿನ ಮಣೂಕ ಹರಾಜಿನಲ್ಲಿ ವರ್ತಕರು ಕೂಗಿದ ದರಕ್ಕೆ ತಲೆಯಾಡಿಸಿ ಬರುವ ನಮ್ಮಂಥವರಿಗೆ, ಅದೇ ಒಣಗಿಸುವ ವಿದ್ಯೆಗೆ ಒಂದು ದೇಶ ಇಷ್ಟು ಹಟ ಹಿಡಿದು ಹೆಸರು ಉಳಿಸಿಕೊಳ್ಳಲು ಹೋರಾಡುವುದು ಹೊಸ ವಿಷಯ.

ಆ ಹಿರಿಯರು ಹೇಳಿದ ಪ್ರಕಾರ ಅವರ ತಂದೆಯ ಕಾಲದಲ್ಲಿ, ಅಂದರೆ ಯುಗೊಸ್ಲಾವಿಯಾ ಇದ್ದಾಗ, ಹಣ್ಣೆಲ್ಲ ಸಹಕಾರ ಸಂಘದ ತಕ್ಕಡಿಗೆ ಹೋಗುತ್ತಿತ್ತು. ತೂಕಕ್ಕೆ ತಕ್ಕ ಹಣ, ಅಲ್ಲಿಗೆ ಸಂಬಂಧ ಮುಗಿಯಿತು. 1990ರ ದಶಕದಿಂದ ಈಚೆಗೆ ಕುಟುಂಬಗಳು ತಮ್ಮ ಹೆಸರಿನಲ್ಲಿಯೇ ವೈನ್ ತುಂಬಿಸಿ, ತಮ್ಮ ಅಂಗಳದಲ್ಲಿಯೇ ಮೇಜು ಹಾಕಿ ಮಾರತೊಡಗಿದವು. ಈಗ ಅವರಿಗೆ ಬೇಕಾದದ್ದು ಹೆಚ್ಚು ಹಣ್ಣಲ್ಲ, ಮನೆ ಬಾಗಿಲಿಗೆ ಬಂದು ಕುಳಿತು ಉಣ್ಣುವ ನಾಲ್ಕು ಜನ. ನಮ್ಮಲ್ಲಿಯೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಮಂಡಳಿಯೂ ಆಯಿತು. ನಂದಿ ಬೆಟ್ಟದ ಸುತ್ತ ತೋಟ ತೋರಿಸಿ ಊಟ ಹಾಕುವ ಕಡೆಗಳೂ ಇವೆ. ನಾನು ನೋಡಿದ ಒಂದು ಕಡೆ ಊಟಕ್ಕೆ ಬಂದದ್ದು ಪಾಸ್ತಾ ಮತ್ತು ಪಿಜ್ಜಾ. ದ್ರಾಕ್ಷಿ ಬೆಳೆದ ರೈತರ ಹೆಸರು ಎಲ್ಲಿಯೂ ಇರಲಿಲ್ಲ, ಅವರ ಮನೆಯ ಮುದ್ದೆ ಸಾರೂ ಇರಲಿಲ್ಲ. ಸರ್ಕಾರದ ವತಿಯಿಂದ ರೈತರನ್ನು ಹೊರದೇಶದ ಅಧ್ಯಯನ ಪ್ರವಾಸಕ್ಕೆ ಕಳಿಸುವಾಗ ದೊಡ್ಡ ಕಾರ್ಖಾನೆ ಮತ್ತು ಪ್ರದರ್ಶನಗಳ ಜೊತೆಗೆ ಇಂಥ ಒಂದು ಅಂಗಳವನ್ನೂ ತೋರಿಸಬೇಕೆಂದು ತೋಟಗಾರಿಕೆ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಆಕ್ಷೇಪಿಸಿದ ಓದುಗರಿಗೆ ಒಂದು ಮಾತು. ರುಚಿ ನೋಡಲು ಕೊಡುವುದು ಗ್ಲಾಸಿನ ತಳದಲ್ಲಿ ನಿಲ್ಲುವಷ್ಟು. ಮೇಜಿನ ಮೇಲೆ ಉಗುಳುವ ಪಾತ್ರೆಯೂ ಇರುತ್ತದೆ, ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಡಿಂಗಾಚ್‌ನಂಥ ವೈನಿನಲ್ಲಿ ಮದ್ಯಸಾರ ಶೇ 14–15ರವರೆಗೂ ಇರುವುದರಿಂದ ಆ ಪಾತ್ರೆ ಅಲಂಕಾರಕ್ಕಲ್ಲ. ಊಟದ ಜೊತೆಗೆ ವೈನಿಗೆ ನೀರು ಬೆರೆಸಿ ಕುಡಿಯುವ ಬೆವಾಂಡಾ ಎಂಬ ರೂಢಿ ದಾಲ್ಮೇಷಿಯಾದ ಹಳೆಯ ಮನೆಗಳಲ್ಲಿ ಇಂದಿಗೂ ಇದೆ. ಹಾಗೆಂದು ಅಲ್ಲಿ ಅಮಲಿನ ಪ್ರವಾಸಗಳಿಲ್ಲವೆಂದಲ್ಲ. ಹಡಗಿನಿಂದ ಇಳಿದವರನ್ನು ದೊಡ್ಡ ಬಸ್ಸಿನಲ್ಲಿ ತುಂಬಿ, ಅರ್ಧ ದಿನದಲ್ಲಿ ಮೂರು ನಾಲ್ಕು ಅಂಗಡಿ ಸುತ್ತಿಸಿ, ಬಾಟಲಿ ಕೊಳ್ಳುವಂತೆ ಒತ್ತಾಯಿಸುವ ತಂಡವೊಂದನ್ನು ನಾವೇ ಕಂಡೆವು. ಅದರಲ್ಲಿದ್ದವರು ತೋಟಕ್ಕೆ ಕಾಲಿಟ್ಟಿರಲಾರರು. ಅಂಥದ್ದರ ಬಗ್ಗೆ ಆಕ್ಷೇಪವಿದ್ದರೆ ನನ್ನದೂ ಸಹಿ ಇದೆ.

ಹೋಗಬಯಸುವವರಿಗೆ ಉಪಯೋಗವಾಗುವ ಕೆಲವು ವಿವರಗಳನ್ನು ತಾವು ಪ್ರಕಟಿಸಿದರೆ ಒಳ್ಳೆಯದು. 2023ರ ಜನವರಿ 1ರಿಂದ ಕ್ರೊಯೇಷಿಯಾ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿರುವುದರಿಂದ ಷೆಂಗೆನ್ ವೀಸಾ ಇದ್ದವರಿಗೆ ಬೇರೆ ವೀಸಾ ಬೇಡ, ನಾಣ್ಯವೂ ಯೂರೋ. ಸ್ಪ್ಲಿಟ್ ಕಡೆಯಿಂದ ಬರುವವರು ಮೊದಲು ಬೋಸ್ನಿಯಾದ ಗಡಿ ದಾಟಬೇಕಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತೊಂದರೆಯಿಲ್ಲ. ವಾಹನ ನಡೆಸುವವರಿಗೆ ನಮ್ಮಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಮದ್ಯಸಾರದ ಮಿತಿ, ಅಲ್ಲಿ 50. ಆದರೆ 25 ವರ್ಷದೊಳಗಿನವರಿಗೂ ವೃತ್ತಿನಿರತ ಚಾಲಕರಿಗೂ ಸೊನ್ನೆ. ಡಿಂಗಾಚ್‌ನ ಇಳಿಜಾರಿನ ರಸ್ತೆ ಕಂಡವರು ಯಾವ ಮಿತಿಯನ್ನೂ ಲೆಕ್ಕಿಸದೆ ಚಾಲಕನನ್ನು ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮ ಗುಂಪಿನಲ್ಲಿ ಚಕ್ರ ಹಿಡಿದಿದ್ದ ಅಳಿಯಂದಿರು ಸಂಜೆಯವರೆಗೆ ದ್ರಾಕ್ಷಿ ರಸದಲ್ಲಿಯೇ ತೃಪ್ತಿಪಟ್ಟುಕೊಂಡರು. ಪೇಕಾ ಬೇಕಾದವರು ಹಿಂದಿನ ದಿನವೇ ತಿಳಿಸಬೇಕು, ತರಕಾರಿಯದೇ ಬೇಕಾದರೆ ಅದನ್ನೂ ಆಗಲೇ ಹೇಳಬೇಕು. ಜುಲೈ–ಆಗಸ್ಟಿನಲ್ಲಿ ಬಿಸಿಲೂ ಜನಜಂಗುಳಿಯೂ ಹೆಚ್ಚು; ಚಳಿಗಾಲದಲ್ಲಿ ಹಲವು ಮನೆಗಳು ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ. ನಮ್ಮ ಭಾಗದ ಬೆಳೆಗಾರರಿಗೆ ಸೆಪ್ಟೆಂಬರ್ ಅತ್ಯಂತ ಅನುಕೂಲ: ಅಲ್ಲಿ ಸುಗ್ಗಿ ನಡೆದಿರುತ್ತದೆ, ಇಲ್ಲಿ ಅಕ್ಟೋಬರ್ ಚಾಟ್ನಿಗೆ ಇನ್ನೂ ಸಮಯವಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ದ್ರಾಕ್ಷಿ ಬೆಳೆಗಾರ,
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ